ಗೇಣಿಯ ಗಿಡಗಳೂ ಸೇನೆಯ ಕರೆಯೂ

(ಮಹಿಳಾ ವೇದಿಕೆಯ ಮಾಸಿಕ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



‘ಯುದ್ಧ ಮತ್ತು ಮನೆ’ ಎಂಬ ವಿಷಯ ಕೊಟ್ಟಿದ್ದೀರಿ. ನಾನು ರಣರಂಗಕ್ಕೆ ಹೋಗುವುದಿಲ್ಲ. ಮೊದಲನೆಯ ಮಹಾಯುದ್ಧದ ಕಾಲದ ಲಂಡನ್ನಿನ ಹೊರವಲಯಕ್ಕೆ, ಅಲ್ಲಿನ ಒಂದು ನರ್ಸರಿಯ ಬಾಗಿಲ ತನಕ ಮಾತ್ರ ನಿಮ್ಮನ್ನು ಕರೆದುಕೊಂಡು ಹೋಗುತ್ತೇನೆ. ನರ್ಸರಿ ಎಂದರೆ ನಮ್ಮ ಮೊಮ್ಮಕ್ಕಳು ಅಳುತ್ತಾ ಹೋಗುವುದಲ್ಲ, ಸಸಿ ಬೆಳೆಸಿ ಮಾರುವ ನರ್ಸರಿ.

ಆಗ ಮಿಡ್ಲ್‌ಸೆಕ್ಸ್ ಜಿಲ್ಲೆಯಲ್ಲಿ, ಲೀ ನದಿಯ ಕಣಿವೆಯಲ್ಲಿ ಗಾಜಿನ ಮನೆಗಳು ಸಾಲುಸಾಲಾಗಿದ್ದವು. ಟೊಮೆಟೊ, ಸೌತೆ, ದ್ರಾಕ್ಷಿ, ಹೂವು ಎಲ್ಲವೂ ಅಲ್ಲಿಂದ ಲಂಡನ್ ಮಾರುಕಟ್ಟೆಗೆ. ಇಂಥ ಕಡೆ ಸಣ್ಣ ನರ್ಸರಿ ನಡೆಸುವವನನ್ನು ಊಹಿಸಿಕೊಳ್ಳಿ. ನೆಲ ಇನ್ನೊಬ್ಬರದು, ಗಿಡ ಇವನದು. ಮೂರು ತಿಂಗಳಿಗೊಮ್ಮೆ ಗೇಣಿ ಕಟ್ಟಬೇಕು.

1916ರ ಜನವರಿಯವರೆಗೆ ಬ್ರಿಟನ್ನಿನಲ್ಲಿ ಸೇನೆಗೆ ಸೇರುವುದು ಅವರವರ ಇಚ್ಛೆ. ಆ ತಿಂಗಳು ಬಂದ ಕಾಯ್ದೆ 18ರಿಂದ 41 ವಯಸ್ಸಿನ ಅವಿವಾಹಿತರನ್ನು ಕಡ್ಡಾಯವಾಗಿ ಕರೆಯಿತು. ಮೇ ತಿಂಗಳಲ್ಲಿ ವಿವಾಹಿತರ ಸರದಿ. ಆ ಎರಡನೆಯ ಕಾಯ್ದೆಗೆ ಮೇ 25ರಂದು ಅಂಕಿತ ಬಿತ್ತು, ಮೂವತ್ತು ದಿನಕ್ಕೆ ಜಾರಿ. ಅಂದರೆ ಜೂನ್ 24. ಇಂಗ್ಲೆಂಡಿನಲ್ಲಿ ಅದು ಗೇಣಿ ಕಟ್ಟುವ ನಾಲ್ಕು ವಾಯಿದೆ ದಿನಗಳಲ್ಲಿ ಒಂದು! ಸಂಸಾರಸ್ಥ ಗೇಣಿದಾರನ ಬಾಗಿಲಿಗೆ ಸರ್ಕಾರವೂ ಧಣಿಯೂ ಒಂದೇ ದಿನ ಬಂದು ನಿಂತಂತೆ.

ವಿನಾಯಿತಿ ಕೇಳಲು ಊರೂರಲ್ಲಿ ಟ್ರಿಬ್ಯೂನಲ್‌ಗಳಿದ್ದವು. ಊರಿನ ಕೌನ್ಸಿಲರ್‌ಗಳು, ವ್ಯಾಪಾರಿಗಳು ಕೂತು ವಿಚಾರಿಸುತ್ತಿದ್ದರು, ಪಕ್ಕದಲ್ಲಿ ಸೇನೆಯ ಪ್ರತಿನಿಧಿ. ದೇಶಕ್ಕೆ ಅಗತ್ಯವಾದ ಕೆಲಸ, ವ್ಯಾಪಾರಕ್ಕೋ ಮನೆಗೋ ತೀವ್ರ ಕಷ್ಟ, ಅನಾರೋಗ್ಯ, ಆತ್ಮಸಾಕ್ಷಿ, ಇವು ಕಾರಣಗಳು. ಆಹಾರ ಬೆಳೆಯುವವನಾದರೆ ವಾದಕ್ಕೆ ಸ್ವಲ್ಪ ಬಲ. ಗುಲಾಬಿ, ಕಾರ್ನೇಶನ್ ಬೆಳೆಯುವವನು ಏನು ಹೇಳಬೇಕು? ಹೂವಿಲ್ಲದೆ ದೇಶ ಸೋಲುತ್ತದೆ ಎನ್ನಲಾದೀತೇ?

ಅನೇಕರಿಗೆ ಸಿಕ್ಕಿದ್ದು ಕೆಲವೇ ತಿಂಗಳ ಗಡುವು: ವ್ಯವಹಾರ ಮುಗಿಸಿಕೊಂಡು ಬಾ ಅಂತ. ದರ್ಜಿಯ ಅಂಗಡಿಗಾದರೆ ಬೀಗ ಹಾಕಬಹುದು. ಸೇಬಿನ ಕಸಿಗೆ ಬೀಗ ಹಾಕುವುದು ಹೇಗೆ? ವಸಂತದಲ್ಲಿ ಕಸಿ ಕಟ್ಟಿದರೆ ಮಾರುವ ಗಿಡವಾಗಲು ಎರಡು ಮೂರು ವರ್ಷ ಬೇಕು. ನಡುವೆ ಒಂದು ಬೇಸಿಗೆ ಕಳೆ ಕೀಳದಿದ್ದರೆ, ಒಂದು ಚಳಿಗಾಲ ಗಾಜಿನ ಮನೆಗೆ ಕಲ್ಲಿದ್ದಲು ಹಾಕದಿದ್ದರೆ, ಕೊಳವೆಯೊಳಗಿನ ನೀರು ಹೆಪ್ಪುಗಟ್ಟಿ ಕೊಳವೆಯೇ ಒಡೆಯುತ್ತದೆ. ಟ್ರಿಬ್ಯೂನಲ್ ತಿಂಗಳು ಎಣಿಸುತ್ತಿತ್ತು, ಗಿಡ ವರ್ಷ ಎಣಿಸುತ್ತಿತ್ತು.

ಧಣಿಯ ಕಷ್ಟವನ್ನೂ ಹೇಳಬೇಕು, ಅವನನ್ನು ಬಯ್ಯುವುದು ಸುಲಭ. ಗೇಣಿದಾರ ಹೋದರೆ ಬೇರೆಯವನನ್ನು ತರೋಣವೆಂದರೆ ದುಡಿಯುವ ವಯಸ್ಸಿನವರೆಲ್ಲ ಕರೆಯ ಪಟ್ಟಿಯಲ್ಲೇ ಇದ್ದಾರೆ. ಬಾಕಿಗೆ ಜಪ್ತಿ ಮಾಡೋಣವೆಂದರೆ 1914ರ ತುರ್ತು ಅಧಿಕಾರಗಳ ಕಾಯ್ದೆ ಅಡ್ಡ. ಯುದ್ಧದ ಕಾರಣದಿಂದಲೇ ಹಣ ಕಟ್ಟಲಾಗಲಿಲ್ಲ ಎಂದು ಕಂಡರೆ ನ್ಯಾಯಾಲಯ ಸಮಯ ಕೊಡಬಹುದಿತ್ತು. ಹಾಗಾಗಿ ಹಿಂದಿನ ವರ್ಷದವರೆಗೆ ಗೇಣಿಗಾಗಿ ಜಗಳವಾಡಿದ್ದ ಧಣಿಗೂ ಈಗ ಬೇಕಾಗಿದ್ದು ಒಂದೇ, ಈ ಮನುಷ್ಯ ಇಲ್ಲೇ ಉಳಿಯಲಿ ಅಂತ.

ಆದರೆ ಹೊರಟೇಬಿಟ್ಟರೆ? ಆಗ ಹಳೆಯ ಪ್ರಶ್ನೆ ಏಳುತ್ತದೆ: ಗಿಡ ಯಾರದು? ಇಂಗ್ಲಿಷ್ ಕಾನೂನಿನಲ್ಲಿ ನೆಲಕ್ಕೆ ಬೇರು ಬಿಟ್ಟದ್ದು ನೆಲದವನದು. ಸಾಮಾನ್ಯ ಬಾಡಿಗೆದಾರ ತಾನೇ ನೆಟ್ಟ ಅಂಚಿನ ಸಾಲುಗಿಡವನ್ನೂ ಕಿತ್ತೊಯ್ಯುವಂತಿಲ್ಲ ಎಂದು 1833ರಲ್ಲೇ ತೀರ್ಪಾಗಿತ್ತು. ನರ್ಸರಿಯವನಿಗೆ ಮಾತ್ರ ವಿನಾಯಿತಿ. ಅವನ ಗಿಡ ಮಾರಾಟದ ಸರಕು, ಅಂಗಡಿಯ ಸಾಮಾನಿದ್ದಂತೆ. ಹಕ್ಕೇನೋ ಇತ್ತು. ಕಿತ್ತು ಒಯ್ಯುವುದೆಲ್ಲಿಗೆ, ಕೊಳ್ಳುವವರು ಯಾರು?

ಉಳಿದವಳು ಹೆಂಡತಿ. 1915ರಲ್ಲಿ ಮಕ್ಕಳಿಲ್ಲದ ಸಾಮಾನ್ಯ ಸಿಪಾಯಿಯ ಹೆಂಡತಿಗೆ ವಾರಕ್ಕೆ ಸಿಗುತ್ತಿದ್ದುದು 12 ಶಿಲಿಂಗ್ 6 ಪೆನ್ಸ್, ಅದರಲ್ಲೂ ಒಂದು ಪಾಲು ಗಂಡನ ಸಂಬಳದಿಂದಲೇ ಮುರಿದದ್ದು. ಅದರಲ್ಲಿ ಊಟ, ಕಲ್ಲಿದ್ದಲು, ಗೇಣಿ! ಹೆಂಗಸರಿಗೆ ತೋಟದ ಕೆಲಸ ಬಾರದು ಎನ್ನುವವರು ಆಗಲೂ ಇದ್ದರು. ಕೆಂಟ್‌ನ ಸ್ವಾನ್ಲಿಯ ತೋಟಗಾರಿಕೆ ಕಾಲೇಜಿನಲ್ಲಿ ಹೆಣ್ಣುಮಕ್ಕಳು ಕಲಿಯುತ್ತಿದ್ದರು. ಅಲ್ಲಿ ಕಲಿತವರನ್ನು ಲಂಡನ್ನಿನ ಕ್ಯೂ ಸಸ್ಯೋದ್ಯಾನ 1896ರಲ್ಲೇ ಕೆಲಸಕ್ಕೆ ಸೇರಿಸಿಕೊಂಡಿತ್ತು. ಗಂಡಸರ ಗಮನ ಕೆಡದಿರಲಿ ಎಂದು ಅವರಿಗೂ ಗಂಡಸರಂಥದೇ ಉಡುಪು ತೊಡಿಸಿದರಂತೆ, ನೋಡಲು ಜನ ಸೇರಿದ್ದೇ ಆಮೇಲೆ! ಯುದ್ಧದಲ್ಲಿ ಅದೇ ಕ್ಯೂ ಮತ್ತೆ ಹೆಂಗಸರನ್ನು ಕರೆಯಿತು. 1917ರಲ್ಲಿ ಮಹಿಳಾ ಭೂಸೇನೆಯೇ ಹುಟ್ಟಿತು.

ಈ ಟ್ರಿಬ್ಯೂನಲ್‌ಗಳ ಕಾಗದಪತ್ರಗಳನ್ನು ಯುದ್ಧದ ನಂತರ ಬಹುಪಾಲು ನಾಶಮಾಡಿದರು. ಮಾದರಿಗೆಂದು ಉಳಿಸಿದವುಗಳಲ್ಲಿ ಮಿಡ್ಲ್‌ಸೆಕ್ಸ್‌ನ ಮೇಲ್ಮನವಿಗಳೂ ಸೇರಿವೆ. ಬ್ರಿಟನ್ನಿನ ರಾಷ್ಟ್ರೀಯ ಪತ್ರಾಗಾರ ಅವನ್ನು ಅಂತರ್ಜಾಲಕ್ಕೆ ಹಾಕಿದೆ. ಬಿಡುವಿದ್ದವರು ಓದಿ, ಒಂದೊಂದು ಅರ್ಜಿಯೂ ಒಂದೊಂದು ಮನೆ.

ಮುಂಬೈಯವರಾದ ನಮಗೂ ಇದರ ಒಂದು ಎಳೆ ತಾಗಿದೆ. 1915ರಲ್ಲಿ ಗ್ಲಾಸ್ಗೋದಲ್ಲಿ ಮೇರಿ ಬಾರ್ಬರ್ ಮುಂತಾದ ಹೆಂಗಸರು ಬಾಡಿಗೆ ಕಟ್ಟುವುದಿಲ್ಲ ಎಂದು ಕೂತಮೇಲೆ ಅಲ್ಲಿ ಮನೆ ಬಾಡಿಗೆಗೆ ಮಿತಿ ಬಂತು. 1918ರಲ್ಲಿ ಬೊಂಬಾಯಿಗೂ ಯುದ್ಧಕಾಲದ ಬಾಡಿಗೆ ನಿರ್ಬಂಧ ಕಾಯ್ದೆ ಬಂತು. ಪಗಡಿ ಮನೆಯಲ್ಲಿ ಸಂಸಾರ ಮಾಡಿದವರಿಗೆ ಆ ವಂಶದ ಕಾಯ್ದೆಗಳನ್ನು ಪರಿಚಯ ಮಾಡಿಕೊಡಬೇಕಾಗಿಲ್ಲ.

ಊರಿನ ಕಡೆಯದು ಒಂದು ಮಾತು. ನಮ್ಮಲ್ಲಿ ಅನೇಕರ ಮನೆಗಳಲ್ಲಿ ಒಕ್ಕಲು ಮಸೂದೆಯ ಕಥೆಯಿದೆ, ಭೂಮಿ ಪಡೆದವರದೂ ಕಳೆದುಕೊಂಡವರದೂ. 1974ರ ಆ ತಿದ್ದುಪಡಿ ಗೇಣಿ ಪದ್ಧತಿಯನ್ನೇ ತೆಗೆದುಹಾಕಿತು. ಆದರೂ ಸೈನಿಕರಿಗೆ ಮತ್ತು ನಾವಿಕರಿಗೆ ಮಾತ್ರ ತಮ್ಮ ಭೂಮಿಯನ್ನು ಗೇಣಿಗೆ ಕೊಡಲು, ಸೇವೆ ಮುಗಿದ ಮೇಲೆ ಕಾಯ್ದೆಯ ಮಿತಿಯೊಳಗೆ ಮರಳಿ ಪಡೆಯಲು ಅವಕಾಶ ಇಟ್ಟಿತು. ಇಂಗ್ಲೆಂಡಿನಲ್ಲಿ ಸೇನೆಗೆ ಹೋದವನು ಗೇಣಿದಾರ, ನಮ್ಮ ಕಾಯ್ದೆ ನೆನೆಸಿಕೊಂಡದ್ದು ಸೇನೆಗೆ ಹೋದ ಧಣಿಯನ್ನು. ಆ ಸೈನಿಕನ ಗದ್ದೆಯನ್ನು ವರ್ಷಗಟ್ಟಲೆ ಉತ್ತವನು, ಅವನು ರಜೆಗೆ ಊರಿಗೆ ಬಂದಾಗ ಏನು ಮಾತಾಡುತ್ತಿದ್ದನೋ, ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಅಂಥ ನೆನಪಿದ್ದರೆ ಚಹಾ ಹೊತ್ತಿಗೆ ಹೇಳಿ, ಕೇಳಲು ನನಗೆ ಆಸೆಯಿದೆ.