ರೊಕ್ಕ ಬರಲು ಪಿನ್ ಬೇಡ
(ವಿಶ್ರಾಮಬಾಗದ ಕಲಿಕಾ ಕೇಂದ್ರದಲ್ಲಿ ಆಡಿದ ಮಾತು)



ಇಂದು ಪುಸ್ತಕ ಬದಿಗಿಡಿರಿ. ನಿಮ್ಮ ಫೋನ್ ಕೈಯಲ್ಲಿ ಹಿಡಿಯಿರಿ. ನಿಮ್ಮಲ್ಲಿ ಕಾಯಿಪಲ್ಲೆ ಮಾರುವವರಿದ್ದೀರಿ. ಸಾಂಗಲಿ-ಮಿರಜ ರಸ್ತೆಯಲ್ಲಿ ಚಹಾದ ಗಾಡಿ ಇಟ್ಟವರಿದ್ದೀರಿ. ಎಲ್ಲರ ಗಾಡಿಗೂ ಈಗ ಆ ಕಪ್ಪು-ಬಿಳಿ ಚೌಕದ ಚೀಟಿ ಅಂಟಿದೆ. 2016ರಲ್ಲಿ ಯುಪಿಐ ಬಂತು. ಚಿಲ್ಲರೆಯ ಜಗಳ ಕಡಿಮೆಯಾಯಿತು. ಆದರೆ ಕಳ್ಳರೂ ಅದೇ ದಾರಿ ಹಿಡಿದರು.

ನಮ್ಮ ವೈನಿಯ ಕಥೆ ಹೇಳ್ತೀನಿ. ಅವರು ಜೋಳದ ರೊಟ್ಟಿ ಮಾಡಿ ಮಾರುತ್ತಾರೆ. ಒಂದು ಸಂಜೆ ಫೋನ್ ಬಂತು. ‘ನಾನು ಮಿಲಿಟರಿಯವ. ನಾಳೆ 200 ರೊಟ್ಟಿ ಬೇಕು’ ಎಂದು ಹಿಂದಿಯಲ್ಲಿ ಹೇಳಿದ. ರೊಟ್ಟಿಗೆ 15 ರೂಪಾಯಿಯಂತೆ 3,000 ರೂಪಾಯಿ. ವೈನಿ ನಸುಕಿನಲ್ಲೇ ಎದ್ದು ರೊಟ್ಟಿ ಬಡಿದರು. ಮಧ್ಯಾಹ್ನ ಆತ ಒಂದು ಚೌಕದ ಚಿತ್ರ ಕಳಿಸಿದ. ‘ಇದನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಿರಿ, ರೊಕ್ಕ ಬೀಳುತ್ತದೆ’ ಅಂದ. ಒತ್ತಿದರು. 3,000 ಬರಲಿಲ್ಲ, ಹೋಯಿತು. ‘ತಪ್ಪಾಯಿತು ದೀದಿ, ಇನ್ನೊಮ್ಮೆ ಒತ್ತಿರಿ, ಎರಡೂ ಕೂಡಿ ಮರಳಿ ಬರುತ್ತವೆ’ ಅಂದ. ಮತ್ತೆ 3,000 ಹೋಯಿತು. ಬುಟ್ಟಿಯಲ್ಲಿ ರೊಟ್ಟಿ ಹಾಗೇ ಉಳಿದವು.

ವೈನಿ ದಡ್ಡರಲ್ಲ. ಲೆಕ್ಕದಲ್ಲಿ ನನಗಿಂತ ಚುರುಕು. ಅವರಿಗೆ ಒಂದೇ ಮಾತು ಗೊತ್ತಿರಲಿಲ್ಲ. ಪಿನ್ ಬೇಕಾಗುವುದು ರೊಕ್ಕ ಕೊಡಲು, ಇಲ್ಲವೇ ಖಾತೆಯಲ್ಲಿ ಎಷ್ಟಿದೆ ಎಂದು ನೋಡಲು. ರೊಕ್ಕ ತಗೊಳ್ಳಲು ಪಿನ್ ಬೇಡ. ಸ್ಕ್ಯಾನ್ ಮಾಡುವುದೂ ಬೇಡ.

ಇನ್ನೊಂದು ಬಗೆ ಇದೆ. ‘ನಿಮ್ಮ ಖಾತೆಗೆ 5,000 ಬಂದಿದೆ’ ಎಂಬ ಮೆಸೇಜು ಬರುತ್ತದೆ. ಹಿಂದೆಯೇ ಫೋನು: ‘ತಪ್ಪಿ ಹಾಕೀನಿ, ಮರಳಿ ಕಳಿಸ್ರಿ.’ ಮೆಸೇಜು ಬ್ಯಾಂಕಿನದೇ ಅಲ್ಲ, ಆತನೇ ಟೈಪು ಮಾಡಿದ್ದು! ‘ಕ್ರೆಡಿಟ್’ ಅಂದರೆ ಬಂತು, ‘ಡೆಬಿಟ್’ ಅಂದರೆ ಹೋಯಿತು. ಈ ಎರಡು ಇಂಗ್ಲಿಷ್ ಪದ ಹಲಗೆಯ ಮೇಲೆ ಬರೆದಿದ್ದೇನೆ, ತಿದ್ದಿರಿ. ಆದರೆ ಮೆಸೇಜು ಓದಿ ನಂಬಬೇಡಿ. ಖಾತೆ ತೆರೆದು ನೋಡಿರಿ. ಗಿರಾಕಿ ತನ್ನ ಫೋನಿನಲ್ಲಿ ತೋರಿಸುವ ಹಸಿರು ಗುರುತಿಗೂ ಇದೇ ಮಾತು.

2025ರ ಜನವರಿಯಲ್ಲಿ ಮಧ್ಯಪ್ರದೇಶದ ಖಜುರಾಹೊದಲ್ಲಿ ಏನಾಯಿತು ಗೊತ್ತೇನು? ರಾತ್ರಿ ಕಳ್ಳರು ಅಂಗಡಿಗಳ ಚೀಟಿಯ ಮೇಲೆ ತಮ್ಮ ಚೀಟಿ ಅಂಟಿಸಿದರು. ಔಷಧ ಅಂಗಡಿಯಲ್ಲಿ ಗಿರಾಕಿ ಸ್ಕ್ಯಾನ್ ಮಾಡಿದಾಗ ಬೇರೆ ಹೆಸರು ಕಂಡಿತು. ಆಗ ಗುಟ್ಟು ಹೊರಬಿತ್ತು. ನೀವೂ ಬೆಳಿಗ್ಗೆ ಗಾಡಿ ತೆರೆದ ಕೂಡಲೇ ಚೀಟಿ ಮುಟ್ಟಿ ನೋಡಿರಿ. ಮೊದಲ ಗಿರಾಕಿಗೆ ‘ಯಾರ ಹೆಸರು ಬಂತ್ರೀ?’ ಅಂತ ಕೇಳಿರಿ.

ರೊಕ್ಕ ಹೋದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿರಿ. ಅದು ಸರಕಾರದ ನಂಬರು. ಕಳ್ಳ ರೊಕ್ಕ ತೆಗೆಯುವ ಮೊದಲೇ ಹೇಳಿದರೆ ಅದನ್ನು ಬ್ಯಾಂಕಿನಲ್ಲಿ ತಡೆಯಬಹುದು. ನಿಮ್ಮ ಬ್ಯಾಂಕಿಗೂ ಹೇಳಿರಿ. ವೈನಿ ಎರಡು ದಿನ ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅಣ್ಣ ಬೈದಾನು ಎಂಬ ಅಂಜಿಕೆ. ಅಷ್ಟರಲ್ಲಿ ಹೊತ್ತು ಮೀರಿತ್ತು, 6,000 ಮರಳಿ ಬರಲಿಲ್ಲ. ಅಣ್ಣ ಬೈಯಲೂ ಇಲ್ಲ.

ಈಗ ವೈನಿ ಒಲೆಯ ಮೇಲಿನ ಗೋಡೆಗೆ ಇದ್ದಿಲಿನಿಂದ 1930 ಎಂದು ಬರೆದಿದ್ದಾರೆ. 3 ಸ್ವಲ್ಪ ಸೊಟ್ಟಾಗಿದೆ. ಇರಲಿ, ಓದಲು ಬರುತ್ತದೆ.