ಕಾರಿನ ಎಣ್ಣೆ ನೋಡೋದು ಹೇಗೆ?



ಇವತ್ತು ಕಾರಿನ ಮಾತು. "ಟೀಚರಮ್ಮ, ನಮಗ್ಯಾಕೆ ಕಾರಿನ ಉಸಾಬರಿ?" ಅಂತ ನೀವು ನಗಬಹುದು. ಆದರೆ ಎಷ್ಟೋ ಮನೆಗಳಲ್ಲಿ ಗಂಡನೋ ಮಗನೋ ಬಾಡಿಗೆ ಕಾರು ಓಡಿಸುತ್ತಾರೆ. ಆ ಕಾರು ನಿಂತರೆ ಮನೆಯ ಒಲೆ ಆರುತ್ತೆ.

ನನ್ನ ತಮ್ಮನದೂ ಬಾಡಿಗೆ ಕಾರು. ಹಳೆಯದು, ಡೀಸೆಲ್ಲಿನದು. ಒಂದು ದಿನ ಮದುವೆ ಬಾಡಿಗೆಗೆ ಹೋಗಿದ್ದ. ದಾರಿಯಲ್ಲಿ ಕೆಂಪು ದೀಪ ಹತ್ತಿತು. ಅದರಲ್ಲಿ ಎಣ್ಣೆ ಗಿಂಡಿಯ ಚಿತ್ರ. "ಮುಂದಿನ ಊರಲ್ಲಿ ನೋಡೋಣ" ಅಂತ ಓಡಿಸಿದ. ಊರು ಸಿಗುವ ಮೊದಲೇ ಎಂಜಿನ್ ಕಟಕಟ ಅಂತು. ಜಾಮ್ ಆಗಿ ನಿಂತೇಬಿಟ್ಟಿತು. ಒಳಗೆ ಎಣ್ಣೆಯೇ ಇರಲಿಲ್ಲ. ರಿಪೇರಿಗೆ ಅವನ ಹೆಂಡತಿಯ ಬಳೆಗಳು ಅಡವು ಹೋದವು.

ಆ ದೀಪ ಹತ್ತಿದರೆ ಕೂಡಲೇ ಗಾಡಿ ನಿಲ್ಲಿಸಬೇಕು. ಒಂದು ಮೈಲಿಯೂ ಓಡಿಸಬಾರದು.

ಎತ್ತಿನ ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕೋದನ್ನು ನೀವು ನೋಡಿದ್ದೀರಿ. ಎಣ್ಣೆ ಇಲ್ಲದಿದ್ದರೆ ಕಿರುಗುಟ್ಟುತ್ತೆ, ಸವೆಯುತ್ತೆ. ಕಾರಿನ ಎಂಜಿನ್ ಒಂದು ನಿಮಿಷಕ್ಕೆ ಎರಡು ಮೂರು ಸಾವಿರ ಸುತ್ತು ತಿರುಗುತ್ತೆ. ಕಬ್ಬಿಣಕ್ಕೆ ಕಬ್ಬಿಣ ಉಜ್ಜದಂತೆ ಕಾಯೋದು ಎಣ್ಣೆಯೇ.

ಎಣ್ಣೆ ನೋಡೋದು ಕಷ್ಟವಲ್ಲ. ಗಾಡಿ ಸಮ ನೆಲದ ಮೇಲಿರಲಿ. ಎಂಜಿನ್ ನಿಲ್ಲಿಸಿ ಹತ್ತು ನಿಮಿಷ ಬಿಡಿ. ಎಂಜಿನ್ ಪಕ್ಕ ಬಳೆಯಂಥ ಹಿಡಿಕೆಯ ಉದ್ದ ಕಡ್ಡಿ ಇರುತ್ತೆ. ಎಳೆಯಿರಿ, ಬಟ್ಟೆಯಲ್ಲಿ ಒರೆಸಿ. ಮತ್ತೆ ಪೂರ್ತಿ ತೂರಿಸಿ, ಮತ್ತೆ ಎಳೆಯಿರಿ. ಕಡ್ಡಿಯ ತುದಿಯಲ್ಲಿ ಎರಡು ಗುರುತು. ಎಣ್ಣೆ ಆ ಎರಡರ ನಡುವೆ ಇರಬೇಕು. ಡೀಸೆಲ್ ಗಾಡಿಯ ಎಣ್ಣೆ ಬೇಗ ಕಪ್ಪಾಗುತ್ತೆ, ಅದಕ್ಕೆ ಹೆದರಬೇಡಿ. ಹಾಲು ಹಾಕಿದ ಚಹದ ಹಾಗೆ ಕಂಡರೆ ಮಾತ್ರ ನೀರು ಸೇರಿದೆ ಅಂತ ತಿಳಿದು ಮೆಕ್ಯಾನಿಕ್ಕಿಗೆ ತೋರಿಸಿ.

ಕಡಿಮೆ ಇದ್ದರೆ ಎಂಜಿನ್ ಮೇಲಿನ ಮುಚ್ಚಳ ತೆಗೆದು ಹಾಕಿ. ರೇಡಿಯೇಟರ್ ಮುಚ್ಚಳ ಬೇರೆ, ಅದನ್ನು ಮುಟ್ಟಬೇಡಿ. ಕಾಲು ಲೀಟರ್ ಹಾಕಿ, ಸ್ವಲ್ಪ ತಡೆದು ಕಡ್ಡಿ ನೋಡಿ, ಬೇಕಾದರೆ ಮತ್ತೆ ಹಾಕಿ. ಮೇಲಿನ ಗುರುತು ದಾಟಬಾರದು. ಹೆಚ್ಚಾದರೆ ಎಂಜಿನ್ ಅದನ್ನು ಮಜ್ಜಿಗೆಯಂತೆ ಕಡೆದು ನೊರೆ ಮಾಡುತ್ತೆ. ನೊರೆ ಎಣ್ಣೆ ಕೆಲಸಕ್ಕೆ ಬಾರದು. ಪದೇ ಪದೇ ಕಡಿಮೆಯಾಗುತ್ತಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲವೇ ಒಳಗೇ ಉರಿಯುತ್ತಿದೆ.

ಯಾವ ಎಣ್ಣೆ? ಕಾರಿನ ಜೊತೆ ಬಂದ ಪುಸ್ತಕದಲ್ಲಿ ಬರೆದಿರುತ್ತೆ. ತಮ್ಮನ ಕಾರಿಗೆ 15ಡಬ್ಲ್ಯು-40. ಡಬ್ಲ್ಯು ಅಂದರೆ ಚಳಿಗಾಲದ ಗುರುತು. ಮಾಗಿಯಲ್ಲಿ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತಲ್ಲ? ಮೊದಲ ಅಂಕಿ ಸಣ್ಣದಾದಷ್ಟೂ ಎಣ್ಣೆ ಚಳಿಯಲ್ಲಿ ಸಲೀಸಾಗಿ ಹರಿಯುತ್ತೆ. ಎರಡನೇ ಅಂಕಿ, ಕಾದಾಗ ಎಷ್ಟು ಮಂದ ಇರುತ್ತೆ ಅಂತ ಹೇಳುತ್ತೆ. ಡಬ್ಬದ ಮೇಲೆ ಎಪಿಐ ಅಂತಲೂ ಇರುತ್ತೆ. ಅದರ ಮುಂದೆ ಎಸ್ ಅಕ್ಷರವಿದ್ದರೆ ಪೆಟ್ರೋಲ್ ಗಾಡಿಗೆ, ಸಿ ಇದ್ದರೆ ಡೀಸೆಲ್ ಗಾಡಿಗೆ. ಎರಡೂ ಬರೆದ ಡಬ್ಬಗಳೂ ಉಂಟು. ಸೀಲು ಒಡೆದ ಡಬ್ಬ ಮಾತ್ರ ಬೇಡವೇ ಬೇಡ.

ತಮ್ಮನ ಹೆಂಡತಿ ನಮ್ಮ ಕಲಿಕಾ ಕೇಂದ್ರದಲ್ಲೇ ಓದು ಕಲಿತವಳು. ಈಗ ಪ್ರತಿ ಸೋಮವಾರ ಕಡ್ಡಿ ಎಳೆದು ನೋಡುವವಳು ಅವಳೇ. ಆ ಅಂಕಿ, ಆ ಅಕ್ಷರಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡಿದ್ದಾಳೆ. ಹೋದ ತಿಂಗಳು ಎಣ್ಣೆ ತರಲು ಅಂಗಡಿಗೆ ಹೋದಳು. ಅಂಗಡಿಯವರು ಒಂದು ಡಬ್ಬ ಕೊಟ್ಟರು. ಅವಳು ಚೀಟಿ ತೆಗೆದು ಹೋಲಿಸಿದಳು.

"ಅಣ್ಣಾ, ಇದರಲ್ಲಿ 20 ಅಂತಿದೆ. ನಮಗೆ 15 ಬೇಕು. ಇದು ಬೈಕಿನದಲ್ವಾ?"

"ನಿಮಗೆ ಓದೋಕೆ ಬರುತ್ತಾ?" ಅಂದರಂತೆ ಅವರು.

"ಬರುತ್ತೆ. ಬೇರೆ ಡಬ್ಬ ಕೊಡಿ."