ಎಂಜಿನ್ ಇದ್ದಷ್ಟೇ ಹಾರಾಟ



1961ರ ಜೂನ್ 17ರಂದು ಬೆಂಗಳೂರಿನ ಆಕಾಶಕ್ಕೆ ಮೊದಲ ಬಾರಿ ಏರಿದ 'ಮಾರುತ್' ಯುದ್ಧವಿಮಾನವನ್ನು ರೂಪಿಸಿದ ತಂಡದ ಮುಖ್ಯಸ್ಥ ಕುರ್ಟ್ ಟ್ಯಾಂಕ್ ಎಂಬ ಜರ್ಮನ್ ಎಂಜಿನಿಯರ್. ಆದರೆ ಆತ ಪ್ರಸಿದ್ಧನಾದದ್ದು ಅದಕ್ಕೂ ಎರಡು ದಶಕ ಹಿಂದೆ, ಬ್ರೆಮೆನ್ ನಗರದ ಕಂಪೆನಿಯೊಂದು ತಯಾರಿಸಿದ 'ಫೋಕ್-ವುಲ್ಫ್ 190' ವಿಮಾನದಿಂದ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂಬ ಗಾದೆ ವಿಮಾನ ಶಿಲ್ಪಿಗೂ ಸಲ್ಲುತ್ತದೆ. ಅವನ ಹಾಸಿಗೆ ಎಂಜಿನ್. ಈ ವಿಮಾನದ ಚರಿತ್ರೆಯೇ ಅದಕ್ಕೆ ಸಾಕ್ಷಿ.

ಆಗ ಜರ್ಮನಿಯ ಪ್ರಮುಖ ಯುದ್ಧವಿಮಾನ ಮೆಸ್ಸರ್‌ಷ್ಮಿಟ್ 109. ಅದರ ದ್ರವಶೀತಕ ಎಂಜಿನ್‌ಗೆ ಎಲ್ಲಿಲ್ಲದ ಬೇಡಿಕೆ. ಆದ್ದರಿಂದ ಟ್ಯಾಂಕ್ ಗಾಳಿಯಿಂದ ತಣಿಯುವ, ಸಿಲಿಂಡರುಗಳು ವೃತ್ತಾಕಾರದಲ್ಲಿ ಜೋಡಣೆಯಾದ ಬಿಎಂಡಬ್ಲ್ಯು ಎಂಜಿನ್ ಆರಿಸಿದ. ಅಗಲ ಮುಖದ ಇಂಥ ಎಂಜಿನ್ ವೇಗಕ್ಕೆ ಅಡ್ಡಿ ಎಂಬ ನಂಬಿಕೆ ಆಗ ಯೂರೋಪಿನಲ್ಲಿ ಬಲವಾಗಿತ್ತು.

ಮೊದಲನೆಯ ಮಹಾಯುದ್ಧದಲ್ಲಿ ಅಶ್ವದಳದಲ್ಲಿದ್ದ ಟ್ಯಾಂಕ್‌ಗೆ ಬೇಕಿದ್ದದ್ದು ರೇಸಿನ ಕುದುರೆಯಲ್ಲ, ದಂಡಿನ ಕುದುರೆ. ಹೊಲದಂಥ ನಿಲ್ದಾಣದಲ್ಲಿ ಇಳಿಯಬೇಕು, ಹೆಚ್ಚು ತರಬೇತಿಯಿಲ್ಲದ ಮೆಕ್ಯಾನಿಕ್ ಕೂಡ ದುರಸ್ತಿ ಮಾಡುವಂತಿರಬೇಕು. ಇಕ್ಕಟ್ಟಾದ ಚಕ್ರಗಳಿಂದಾಗಿ 109 ನೆಲದ ಮೇಲೆ ಮುಗ್ಗರಿಸುತ್ತಿತ್ತು. ಹೊಸ ವಿಮಾನದ ಚಕ್ರಗಳನ್ನು ದೂರ ದೂರ ಇಡಲಾಯಿತು.

1939ರ ಜೂನ್ 1ರಂದು ಮೊದಲ ಹಾರಾಟ. ಎಂಜಿನ್‌ಗೆ ಅಂಟಿಕೊಂಡಂತಿದ್ದ ಕಾಕ್‌ಪಿಟ್‌ನಲ್ಲಿ ಶಾಖ 55 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಮುಂದೆ ಹೆಚ್ಚು ಬಲದ, ಹೆಚ್ಚು ಭಾರದ 14 ಸಿಲಿಂಡರಿನ ಬಿಎಂಡಬ್ಲ್ಯು 801 ಬಂದಾಗ ತೂಕ ಸರಿದೂಗಿಸಲು ಕಾಕ್‌ಪಿಟ್ ಹಿಂದಕ್ಕೆ ಸರಿಯಿತು. ಚಾಲಕನ ಬವಣೆಯೂ ತಗ್ಗಿತು. ಆದರೆ ಹಿಂದಿನ ಸಾಲಿನ ಸಿಲಿಂಡರುಗಳು ಕಾದು ಕೆಡುವುದು ನಿಲ್ಲಲಿಲ್ಲ. ಹತ್ತಾರು ಮಾರ್ಪಾಡುಗಳಾದ ಮೇಲೆಯೇ, 1941ರಲ್ಲಿ, ವಿಮಾನ ಯುದ್ಧಕ್ಕಿಳಿದದ್ದು. ಇಂಧನ ಮಿಶ್ರಣ, ಪ್ರೊಪೆಲ್ಲರಿನ ಕೋನ ಮೊದಲಾದವನ್ನು ಒಂದೇ ಸನ್ನೆಯಿಂದ ಹೊಂದಿಸುವ ಸ್ವಯಂಚಾಲಿತ ಸಾಧನ ಅದರ ಇನ್ನೊಂದು ಹಿರಿಮೆ.

ಬ್ರಿಟನ್ನಿನ ಸ್ಪಿಟ್‌ಫೈರ್ ಐದನೆಯ ಮಾದರಿ ಇದರೆದುರು ಮಂಕಾಯಿತು. 1942ರ ಜೂನ್ 23ರಂದು ಜರ್ಮನ್ ಚಾಲಕನೊಬ್ಬ ದಿಕ್ಕು ತಪ್ಪಿ ವೇಲ್ಸ್‌ನ ಪೆಂಬ್ರಿ ನಿಲ್ದಾಣದಲ್ಲಿ ಇಳಿದಾಗ ಬ್ರಿಟಿಷರಿಗೆ ಇಡೀ ವಿಮಾನವೇ ಪರೀಕ್ಷೆಗೆ ಸಿಕ್ಕಿತು.

ಅದರ ಕೊರತೆಯೂ ಎಂಜಿನ್‌ನದೇ. ಆರು ಸಾವಿರ ಮೀಟರಿಗಿಂತ ಮೇಲೆ, ಗಾಳಿ ತೆಳುವಾದಲ್ಲಿ, ಅದರ ಶಕ್ತಿ ಉಡುಗುತ್ತಿತ್ತು. ಅಮೆರಿಕದ ಬಾಂಬರುಗಳು ಬರುತ್ತಿದ್ದದ್ದು ಅದೇ ಎತ್ತರದಲ್ಲಿ. 1944ರಲ್ಲಿ ದ್ರವಶೀತಕ ಯೂಮೋ 213 ಎಂಜಿನ್ ಜೋಡಿಸಿದ 'ಡಿ-9' ಬಂತು. ಮೂಗು ಉದ್ದವಾದ್ದರಿಂದ ಬಾಲಕ್ಕೂ ಅರ್ಧ ಮೀಟರ್ ಸೇರಿಸಬೇಕಾಯಿತು. ಅಷ್ಟರಲ್ಲಿ ಪೆಟ್ರೋಲೂ ಇಲ್ಲ, ಪಳಗಿದ ಚಾಲಕರೂ ಇಲ್ಲ. ಈ ಬಗೆಯ ವಿಮಾನಗಳ ಕಾರ್ಖಾನೆಗಳಲ್ಲಿ ಬಲವಂತದ ದುಡಿಮೆಗೆ ಎಳೆತಂದವರೂ ಬೆವರು ಸುರಿಸಿದ್ದರು. ಯಂತ್ರದ ಜಾಣ್ಮೆಯನ್ನು ಮೆಚ್ಚುವಾಗ ಅದು ಯಾರ ಸೇವೆಗೆ ನಿಂತಿತ್ತೆಂಬುದನ್ನು ಮರೆಯಲಾಗದು.

ಯುದ್ಧಾನಂತರ ಅರ್ಜೆಂಟೀನಾಕ್ಕೆ ಹೋದ ಟ್ಯಾಂಕ್ 1956ರಲ್ಲಿ ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಗೆ ಬಂದ. ಮಾರುತ್‌ನ ಒಡಲು ಶಬ್ದವೇಗವನ್ನು ಮೀರಲೆಂದು ರೂಪುಗೊಂಡದ್ದು. ಅದಕ್ಕೆ ತಕ್ಕ ಆರ್ಫಿಯಸ್ ಎಂಜಿನ್‌ನ ಅಭಿವೃದ್ಧಿ ಬ್ರಿಟನ್ನಿನಲ್ಲಿ ನಿಂತುಹೋಯಿತು. ಕಡಿಮೆ ಬಲದ ಆರ್ಫಿಯಸ್ 703ರಲ್ಲೇ ತೃಪ್ತಿಪಡಬೇಕಾಯಿತು. 147 ಮಾರುತ್‌ಗಳು ತಯಾರಾದವು. 1971ರ ಯುದ್ಧದಲ್ಲಿ ಚೆನ್ನಾಗಿಯೇ ಹೋರಾಡಿದವು. ಆದರೆ ಬಯಸಿದ ವೇಗ ಕೊನೆಗೂ ಕೈಗೂಡಲಿಲ್ಲ.

ಬ್ರೆಮೆನ್‌ನಲ್ಲಿ ಒಂದು ಎಂಜಿನ್ ಸೋತರೆ ಇನ್ನೊಂದು ಸಿಗುತ್ತಿತ್ತು, ಬೆಂಗಳೂರಿನಲ್ಲಿ ಸಿಗಲಿಲ್ಲ. ಶಿಲ್ಪಿ ಒಬ್ಬನೇ; ವ್ಯತ್ಯಾಸವಿದ್ದದ್ದು ಎಂಜಿನ್ ತಯಾರಿಸುವ ಕೈಗಳಲ್ಲಿ.